ಕಪ್ಪು ಮುಖ, ಬಿಳಿ ರುಮಾಲು: ಮೀಟರ್ ಯಾವುದಕ್ಕೆ ಹಿಡೀಬೇಕು?

ಮಂಡಕ್ಕಿಭಟ್ಟಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಂದು ಒಂದು ಕಪ್ಪು ಬಿಳುಪು ಪೋರ್ಟ್ರೇಟ್ ತೆಗೀಬೇಕು, ಹಾಲ್‌ನಾಗೆ ಹಾಕಕೆ, 16 ಇಂಟು 20 ಪ್ರಿಂಟ್. ಅಜ್ಜ ಒಳ್ಳೆ ಕಪ್ಪು ಬಣ್ಣ. ತಲೆಗೆ ಬಿಳಿ ರುಮಾಲು, ಹಣೆ ತುಂಬ ವಿಭೂತಿ, ಮೈಮೇಲೆ ಬಿಳಿ ಅಂಗಿ, ಪಂಚೆ. ಹೊರಗೆ ಕಟ್ಟೆ ಮೇಲೆ ಕೂರಿಸಿ ತೆಗೆದ್ರೆ ಮುಖ ಇದ್ದಿಲು. ಒಳಗೆ ಪಡಸಾಲ್ಯಾಗೆ ತೆಗೆದ್ರೆ ಮುಖ ಪರವಾಗಿಲ್ಲ, ಆದ್ರೆ ರುಮಾಲು ಸುಟ್ಟು ಬಿಳಿ ಹಾಳೆ ಆಗ್ತೈತಿ, ಒಂದು ಮಡಿಕೆನೂ ಕಾಣಲ್ಲ. ಕ್ಯಾಮೆರಾ 24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್, ಲೆನ್ಸ್ 50 ಎಂಎಂ ಎಫ್/1.8. ಫ್ಲಾಶ್ ಇಲ್ಲ. ಅಜ್ಜಗೆ ಹತ್ತು ನಿಮಿಷದ ಮೇಲೆ ಕೂರೋ ತಾಳ್ಮೆನೂ ಇಲ್ಲ. ಬರೇ ಮೀಟರಿಂಗ್ (ಕ್ಯಾಮೆರಾ ಬೆಳಕು ಅಳೆಯೋ ರೀತಿ) ಬದಲಿಸಿದ್ರೆ ಸರಿಹೋಗ್ತೈತಾ, ಇಲ್ಲಾ ಲೈಟೇ ತರಬೇಕಾ?

ಮೊಬೈಲ್‌ಸಾಕು

ಫೋನಲ್ಲಿ ತೆಗಿ ಗುರುವೇ. ಮುಖ ಒತ್ತಿ ಹಿಡಿ, ಲಾಕ್ ಆಗುತ್ತೆ, ಬೆರಳು ಕೆಳಗೆ ಜಾರಿಸು. ಕತೆ ಮುಗೀತು.

ಕಲ್ಲಿನಕೋಟೆ (ಚಿತ್ರದುರ್ಗ)

ಮೊಬೈಲ್‌ಸಾಕು ತಮಾಷೆಗೆ ಹೇಳಿದರೂ ವಿಷಯ ಅದೇ. ಮುಖಕ್ಕೆ ಮೀಟರ್ ಹಿಡಿ, ಅಲ್ಲಿಂದ ಇಳಿಸು. ಎಷ್ಟು ಇಳಿಸಬೇಕು ಅನ್ನೋದಕ್ಕೆ ಲೆಕ್ಕ ಇದೆ.

ತಮ್ಮಾ, ನಿನ್ನ ಎರಡು ಫೋಟೋ ಕೆಟ್ಟಿದ್ದಕ್ಕೂ ಕಾರಣ ಒಂದೇ. ಎದುರಿಗೆ ಕಂಡದ್ದನ್ನೆಲ್ಲ ಸರಾಸರಿ ಮಾಡಿ ನಡುಬೂದಿಗೆ ತಂದು ನಿಲ್ಲಿಸೋದಷ್ಟೇ ಮೀಟರಿಗೆ ಗೊತ್ತು. ಕಟ್ಟೆ ಮೇಲೆ ಅಂಗಿ ಬಿಳಿ, ಪಂಚೆ ಬಿಳಿ, ಹಿಂದೆ ಬಹುಶಃ ಸುಣ್ಣದ ಗೋಡೆ. ಬೆಳಕು ಹೆಚ್ಚಾಯ್ತು ಅಂತ ಅದು ಎಕ್ಸ್‌ಪೋಶರ್ ಇಳಿಸಿತು, ಮುಖ ಮುಳುಗಿತು. ಪಡಸಾಲೆಯಲ್ಲಿ ಫ್ರೇಮಿನ ಮುಕ್ಕಾಲು ಭಾಗ ಕತ್ತಲೆ. ಅಲ್ಲಿ ಏರಿಸಿತು, ರುಮಾಲು ಸುಟ್ಟಿತು.

ನಡುಬೂದಿ ಅಂದರೆ ಬಿದ್ದ ಬೆಳಕಿನಲ್ಲಿ ಶೇ 18ರಷ್ಟನ್ನು ವಾಪಸ್ ಕಳಿಸುವ ಮೇಲ್ಮೈ. ಒಗೆದ ಬಿಳಿ ಬಟ್ಟೆ ಶೇ 90ರ ಹತ್ತಿರ. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟಾಗೋದು ಅಥವಾ ಅರ್ಧ ಆಗೋದು. ಇಲ್ಲಿ ಐದು ಪಟ್ಟು, ಅಂದರೆ ಎರಡೂಕಾಲು ಸ್ಟಾಪಿಗೆ ಸ್ವಲ್ಪ ಮೇಲೆ. ಅಜ್ಜನಂಥ ಮುಖ ನಡುಬೂದಿಗಿಂತ ಸುಮಾರು ಒಂದು ಸ್ಟಾಪ್ ಕೆಳಗೆ ಅಂತ ಇಟ್ಟುಕೊ. ಮುಖಕ್ಕೂ ರುಮಾಲಿಗೂ ಅಂತರ ಮೂರೂಕಾಲು ಸ್ಟಾಪ್. ಎರಡೂ ಒಂದೇ ಬೆಳಕಿನಲ್ಲಿದ್ದರೆ ಈಗಿನ ಯಾವ ಕ್ಯಾಮೆರಾದ ರಾ ಫೈಲಿಗೂ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸೋ ಫೈಲು) ಇದು ಲೆಕ್ಕಕ್ಕಿಲ್ಲ. ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ಜಾಗವನ್ನಷ್ಟೇ ಅಳೆಯೋದು) ಇಟ್ಟು ಕೆನ್ನೆಗೆ ಹಿಡಿ, ಬೆಳಕು ಬಿದ್ದ ಕಡೆ, ಆದರೆ ಹೊಳಪು ಇಲ್ಲದ ಜಾಗಕ್ಕೆ. ಮೀಟರ್ ಹೇಳಿದ್ದನ್ನೇ ಇಟ್ಟರೆ ಅಜ್ಜ ಇರೋದಕ್ಕಿಂತ ಒಂದು ಸ್ಟಾಪ್ ಬೆಳ್ಳಗೆ ಬರ್ತಾರೆ, ರುಮಾಲು ಸೆನ್ಸರಿನ ಅಂಚಿಗೆ ಹೋಗಿ ನಿಲ್ಲುತ್ತೆ. ಅಲ್ಲಿಂದ ಒಂದು ಸ್ಟಾಪ್ ಇಳಿಸು. ಮುಖ ಮುಖದ ಜಾಗಕ್ಕೆ, ರುಮಾಲು ಮಡಿಕೆ ಸಮೇತ ರುಮಾಲಿನ ಜಾಗಕ್ಕೆ. ಮ್ಯಾನ್ಯುಯಲ್‌ನಲ್ಲಿ ಅಲ್ಲೇ ಬಿಟ್ಟು, ಬೆಳಕು ಬದಲಾಗೋ ತನಕ ಮುಟ್ಟಬೇಡ.

ಅಜ್ಜನ ಹತ್ತು ನಿಮಿಷ ಇದಕ್ಕೇ ಖರ್ಚಾಗಬಾರದು ಅಂದರೆ ಅವರು ಬರೋ ಮೊದಲೇ ಅದೇ ಕುರ್ಚಿ ಹತ್ತಿರ ನಿನ್ನ ಅಂಗೈ ಹಿಡಿದು ಮೀಟರ್ ಮಾಡು, ಒಂದು ಸ್ಟಾಪ್ ಏರಿಸು. ಮೈಬಣ್ಣ ಏನೇ ಇರಲಿ, ಅಂಗೈಯಲ್ಲಿ ಅಷ್ಟು ವ್ಯತ್ಯಾಸ ಇರಲ್ಲ. ನಡುಬೂದಿಗಿಂತ ಸುಮಾರು ಒಂದು ಸ್ಟಾಪ್ ಮೇಲಿರುತ್ತೆ. ಕೈಮೀಟರ್ ಇದ್ದವರು ಬಿಳಿ ಗುಮ್ಮಟವನ್ನು ಮುಖದ ಹತ್ತಿರ ಹಿಡಿದು ಕ್ಯಾಮೆರಾ ಕಡೆ ತಿರುಗಿಸಿ ಓದ್ತಾರಲ್ಲ, ಅದರಲ್ಲಿ ಬರೋ ಅಂಕಿಯೂ ಹೆಚ್ಚುಕಮ್ಮಿ ಇದೇ. ಅದು ಬಿದ್ದ ಬೆಳಕನ್ನು ಅಳೆಯುತ್ತೆ. ಎದುರಿಗೆ ಕೂತವರು ಕಪ್ಪೋ ಬಿಳಿಯೋ ಅದಕ್ಕೆ ಬೇಕಾಗಿಲ್ಲ.

ಆದರೆ ರುಮಾಲಿಗೆ ಬಿಸಿಲು, ಮುಖಕ್ಕೆ ರುಮಾಲಿನದೇ ನೆರಳು ಅಂದರೆ ಅಂತರ ಇನ್ನೂ ಮೂರ್ನಾಲ್ಕು ಸ್ಟಾಪ್ ಬೆಳೆಯುತ್ತೆ. ಆಗ ಯಾವ ಮೀಟರಿಂಗೂ ಕೈ ಹಿಡಿಯಲ್ಲ. ಅಜ್ಜನ್ನ ಎಬ್ಬಿಸಿ ಬೇರೆ ಕಡೆ ಕೂರಿಸಬೇಕು ಅಷ್ಟೇ.

ಹಳೇಸ್ಟುಡಿಯೋ (ದಾವಣಗೆರೆ)

ದುರ್ಗದ ಮೇಷ್ಟ್ರು ಲೆಕ್ಕ ಚೆನ್ನಾಗಿ ಬಿಡಿಸಿದ್ರು. ನಮ್ಮ ಕಾಲದಾಗೆ ಇಷ್ಟು ಲೆಕ್ಕ ಇರಲಿಲ್ರೀ. 120 ರೋಲು, ಹನ್ನೆರಡು ಫ್ರೇಮು, ಎರಡು ಬಲ್ಬು, ಅಳತೆ ಎಲ್ಲ ಕಣ್ಣಾಗೇ. ಊಟಿ ಫ್ಯಾಕ್ಟರಿಯ 'ಇಂದು' ಅನ್ನೋ ಹೆಸರಿನ ಫಿಲ್ಮು, ಪೇಪರ್ ಬರ್ತಿದ್ವು. ಅದಿಲ್ಲ ಅಂದ್ರೆ ಪೂರ್ವ ಜರ್ಮನಿಯ ಓರ್ವೋ.

ತಮ್ಮಾ, ಲೈಟ್ ಏನೂ ತರಬೇಡ. ಬಾಗಿಲಿದ್ದ ಮನೆಗೆ ಲೈಟ್ ಯಾಕ್ ಬೇಕು? ಪಡಸಾಲೆ ತಲಬಾಗಿಲು ಪೂರ್ತಿ ತೆಗಿ. ಹೊಸ್ತಿಲಿಂದ ಒಂದು ಮಾರು ಒಳಗೆ ಕುರ್ಚಿ ಹಾಕು. ಅಜ್ಜನ ಎದೆ ಬಾಗಿಲ ಕಡೆ ಪೂರ್ತಿ ಬ್ಯಾಡ, ಓರೆಯಾಗಿ ಕೂರಿಸಿ, ಮುಖ ಮಾತ್ರ ಸ್ವಲ್ಪ ಬೆಳಕಿನ ಕಡೆ ತಿರುಗಿಸು. ಆಚೆ ಕೆನ್ನೆ ಮೇಲೆ, ಕಣ್ಣಿನ ಕೆಳಗೆ, ಬೆಳಕಿಂದು ಒಂದು ಸಣ್ಣ ತ್ರಿಕೋನ ಬರೋ ತನಕ ತಿರುಗಿಸ್ತಾ ಹೋಗು. ಬಂತೋ, ನಿಲ್ಲಿಸು. ಪುಸ್ತಕದಾಗೆ ಅದಕ್ಕೆ ರೆಂಬ್ರಾಂಟ್ ಲೈಟ್ ಅಂತಾರೆ, ನಾವು ಮುಕ್ಕಾಲು ಬೆಳಕು ಅಂತಿದ್ವಿ. ನೆರಳಿನ ಕಡೆ ತೀರಾ ಕಪ್ಪಾದ್ರೆ ಅಂಗಡ್ಯಾಗೆ ಥರ್ಮಾಕೋಲ್ ಶೀಟ್ ಸಿಗ್ತಾವೆ, ಒಂದು ತಂದು ಆ ಕಡೆ ನಿಲ್ಲಿಸು. ದೂರ ಸರಿಸಿದ್ರೆ ನೆರಳು ಗಟ್ಟಿ, ಹತ್ರ ತಂದ್ರೆ ತೆಳು. ಅಷ್ಟೇ ರಿಮೋಟು.

ಆಮೇಲೆ ಪ್ರಿಂಟ್ ಮಾಡೋವಾಗ ಮುಖ ಒಂದು ಸುತ್ತು ಬೆಳ್ಳಗೆ ಮಾಡು. ಮನೆಯವರು ನೋಡಿ ಖುಷಿ ಪಡ್ತಾರೆ. ನಾವು ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಟಚಿಂಗ್ ಮಾಡ್ತಿದ್ವಿ. ಪೆನ್ಸಿಲ್ ಬಿದ್ದ ಕಡೆ ಪ್ರಿಂಟ್‌ನಾಗೆ ಬೆಳ್ಳಗೆ ಬರ್ತಿತ್ತು, ಕೆನ್ನೆ ಗುಳಿ, ಕಣ್ಣ ಕೆಳಗಿನ ಕಪ್ಪು ಎಲ್ಲ ಮಾಯ. ಗಿರಾಕಿ ಅದಕ್ಕೇ ಬರ್ತಿದ್ದ.

ನೆರಳುಗನ್ನಡಿ

ಹಳೇಸ್ಟುಡಿಯೋ ಸರ್, ನಿಮ್ಮ ಬಾಗಿಲಿನ ಪಾಠಕ್ಕೆ ದೊಡ್ಡ ನಮಸ್ಕಾರ. ಕೊನೇ ಪ್ಯಾರಾಗೆ ಮಾತ್ರ ನನ್ನ ತಕರಾರಿದೆ. ಅಜ್ಜ ಕಪ್ಪಗಿದ್ದಾರೆ, ಕಪ್ಪಗೇ ಇರಲಿ. ಮುಖ ಕಾಣಿಸೋದೂ ಮುಖ ಬೆಳ್ಳಗಾಗೋದೂ ಬೇರೆ ಬೇರೆ.

ಕಪ್ಪು ಚರ್ಮದಿಂದ ಕ್ಯಾಮೆರಾಗೆ ಬೆಳಕು ಎರಡು ದಾರಿಯಲ್ಲಿ ಬರುತ್ತೆ. ಚರ್ಮದ ಒಳಗೆ ಹೊಕ್ಕು, ಚೆದುರಿ, ಹೊರಗೆ ಬರೋದು ಒಂದು. ಮೇಲ್ಮೈಗೆ ತಾಗಿ ಕನ್ನಡಿಯಲ್ಲಿ ಹೊಡೆದ ಹಾಗೆ ವಾಪಸ್ಸಾಗೋದು ಇನ್ನೊಂದು. ಬಣ್ಣ ಕಪ್ಪಾದಷ್ಟೂ ಮೊದಲನೇದು ಕಮ್ಮಿ. ಎರಡನೇದು ಮಾತ್ರ ಬಿಳಿ ಮುಖಕ್ಕೂ ಕಪ್ಪು ಮುಖಕ್ಕೂ ಹೆಚ್ಚುಕಮ್ಮಿ ಒಂದೇ. ಅಂದರೆ ಅಜ್ಜನ ಮುಖದ ಏರುತಗ್ಗು ತೋರಿಸೋದು ಹೊಳಪು. ಎಕ್ಸ್‌ಪೋಶರ್ ಏರಿಸಿದರೆ ಕಪ್ಪು ಬೂದಿ ಆಗುತ್ತೆ, ಏರುತಗ್ಗು ಹುಟ್ಟಲ್ಲ. ಹೊಳಪು ಬೀಳೋ ಜಾಗ ಸರಿಯಿದ್ದರೆ ಎಷ್ಟೇ ಕಪ್ಪಿದ್ದರೂ ದವಡೆ, ಕೆನ್ನೆಮೂಳೆ, ಹುಬ್ಬಿನ ದಿಂಡು ಒಂದೊಂದೂ ಎದ್ದು ನಿಲ್ಲುತ್ತೆ.

ಅದಕ್ಕೇ ಬೆಳಕಿನ ಮೂಲ ದೊಡ್ಡದಿರಬೇಕು. ಬಲ್ಬಿನಂಥ ಸಣ್ಣ ಮೂಲದ ಹೊಳಪು ಮುಖದ ಮೇಲೆ ಸಣ್ಣ ಬಿಳಿ ಚುಕ್ಕೆ, ಎಣ್ಣೆ ಜಿಡ್ಡಿನ ಹಾಗೆ ಕಾಣುತ್ತೆ. ಆಳೆತ್ತರದ ಬಾಗಿಲಿನ ಹೊಳಪು ಹಣೆಯಿಂದ ಗಲ್ಲದ ತನಕ ನಿಧಾನಕ್ಕೆ ಇಳಿಯೋ ಒಂದು ಪಟ್ಟಿ. ಪಕ್ಕದಿಂದಲೋ, ಪಕ್ಕಕ್ಕಿಂತ ಒಂಚೂರು ಹಿಂದಿನಿಂದಲೋ ಬಂದರೆ ಇನ್ನೂ ಚೆಂದ. ಎದುರಿನಿಂದ ಬಂದರೆ ಮುಖ ಚಪ್ಪಟೆ.

ಭಟ್ಟಿ ಕಡೆಯವರು ಅಂತ ಹೆಸರಿಟ್ಟುಕೊಂಡಿದ್ದೀರಿ, ಅಲ್ಲಿಗೇ ಹೋಗಿ ನೋಡಿ. ಕಾದ ಮರಳಲ್ಲಿ ಮಂಡಕ್ಕಿ ಹುರಿಯೋರ ಮುಖ ಬೆವರಿಂದ ಹೊಳೀತಿರುತ್ತೆ, ಪಕ್ಕದ ಬಾಗಿಲ ಬೆಳಕು ಆ ಬೆವರಲ್ಲಿ ಹಿಡಿಯುತ್ತೆ. ಆ ಮುಖಗಳನ್ನು ಯಾರೂ ಬೆಳ್ಳಗೆ ಮಾಡಬೇಕಾಗಿಲ್ಲ. ಅಜ್ಜನ ಮುಖ ಒಣಗಿದ್ದರೆ ಅಂಗೈಗೆ ಎರಡೇ ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು ಮುಖಕ್ಕೆ ಒತ್ತಿ. ವಿಭೂತಿ ಹಚ್ಚೋಕೆ ಮುಂಚೆ!

ಹಳೇಸ್ಟುಡಿಯೋ

ಎಣ್ಣೆ ಮಾತು ಖರೆ ಮೇಡಂ. ಬೆಳ್ಳಗೆ ಮಾಡೋ ವಿಚಾರಕ್ಕೆ ನೀವು ಅಂಗಡಿ ಇಟ್ಟು ನೋಡಬೇಕು. ಹುಡುಗಿ ನೋಡಕೆ ಕಳಿಸೋ ಫೋಟೋ ಕಪ್ಪಗೆ ಕೊಟ್ಟಿದ್ರೆ ಅವರಪ್ಪ ದುಡ್ಡು ಕೊಡ್ತಿದ್ನಾ?

ನೆರಳುಗನ್ನಡಿ

ಕೊಡ್ತಿರಲಿಲ್ಲ, ಒಪ್ಪಿದೆ. ಆದರೆ ಇದು ಹುಡುಗಿ ನೋಡೋ ಫೋಟೋ ಅಲ್ಲ ಸರ್, ಅಜ್ಜನ ಫೋಟೋ. ನಾಳೆ ಮೊಮ್ಮಕ್ಕಳು ನೋಡಿ ಇದು ನಮ್ಮಜ್ಜನೇ ಅನ್ನಬೇಕು. ಪೆನ್ಸಿಲ್ ಟಚಿಂಗಲ್ಲಿ ಅಳಿಸಿಹೋದ ಮುಖಗಳು ನಮ್ಮ ಮನೆ ಗೋಡೆ ಮೇಲೂ ಇದ್ದಾವೆ. ಮೂರು ಜನ ಅಜ್ಜಂದಿರು, ಮೂರೂ ಒಂದೇ ಕೆನ್ನೆ.

ಮೊಬೈಲ್‌ಸಾಕು

ಅದೂ ಬ್ಯೂಟಿ ಮೋಡೇ ಆಯ್ತಲ್ಲ, ಪೆನ್ಸಿಲ್ಲಿಂದು. 😀

ಮಂಡಕ್ಕಿಭಟ್ಟಿ

ನಮ್ಮನೆ ತಲಬಾಗಿಲು ಪೂರ್ವಕ್ಕೈತಿ, ಬೆಳಗ್ಗೆ ಬಿಸಿಲು ನೇರ ಒಳಗೇ ಬರ್ತೈತಿ. ಉತ್ತರಕ್ಕೆ ಒಂದು ಕಿಟಕಿ ಐತಿ. ಯೂಟ್ಯೂಬ್‌ನಾಗೆ ಎಲ್ರೂ ಉತ್ತರದ ಕಿಟಕಿನೇ ಬೆಸ್ಟ್ ಅಂತಾರೆ. ಹೌದಾ?

ಕಲ್ಲಿನಕೋಟೆ

ಆ ಮಾತು ಯುರೋಪಿನ ಚಿತ್ರಕಾರರ ಕೋಣೆಗಳಿಂದ ಬಂದದ್ದು. ಅಲ್ಲಿ ಸೂರ್ಯ ವರ್ಷಪೂರ್ತಿ ಮಧ್ಯಾಹ್ನ ದಕ್ಷಿಣದ ಆಕಾಶದಲ್ಲೇ ಇರ್ತಾನೆ, ಉತ್ತರದ ಕಿಟಕಿಗೆ ಬರೇ ಆಕಾಶದ ಮೆದು ಬೆಳಕು. ನಮ್ಮ ದುರ್ಗ, ದಾವಣಗೆರೆ ಇರೋದು 14 ಡಿಗ್ರಿ ಉತ್ತರ ಅಕ್ಷಾಂಶದ ಆಚೀಚೆ. ಏಪ್ರಿಲ್ ಕೊನೆಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಸರೀತಾನೆ, ವಾಪಸ್ ದಾಟೋದು ಆಗಸ್ಟ್ ಮಧ್ಯದಲ್ಲಿ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೆ ಬೆಳಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಓರೆ ಬಿಸಿಲು ಬಿದ್ದೇ ಬೀಳುತ್ತೆ. ಬಿಳಿ ಪಂಚೆ ಒಂದನ್ನು ಕಿಟಕಿಗೆ ಕಟ್ಟಿದರೆ ಅದೇ ಡಿಫ್ಯೂಸರ್. ದಸರಾ ಕಳೆದು ಯುಗಾದಿ ತನಕ ಉತ್ತರದ ಕಿಟಕಿ ನಿಜಕ್ಕೂ ಒಳ್ಳೇದು.

ಪೂರ್ವದ ಬಾಗಿಲಾದರೆ ಮಧ್ಯಾಹ್ನ ಮೂರರ ಮೇಲೆ ತೆಗಿ. ಬಿಸಿಲು ಮನೆ ಹಿಂದಕ್ಕೆ ಹೋಗಿರುತ್ತೆ, ಬಾಗಿಲ ಎದುರಿನ ಬೀದಿ, ಎದುರು ಮನೆ ಗೋಡೆ ಎಲ್ಲ ಬಿಸಿಲಲ್ಲಿ ಕಾಯ್ತಾ ಇರುತ್ತೆ. ಆ ಗೋಡೆಯೇ ನಿನ್ನ ಸಾಫ್ಟ್‌ಬಾಕ್ಸ್. ಗೋಡೆ ಬಣ್ಣ ಹಸಿರಿದ್ದರೂ ನೀಲಿಯಿದ್ದರೂ ಕಪ್ಪು ಬಿಳುಪಿನಲ್ಲಿ ತಲೆ ಕೆಡಿಸಿಕೊಳ್ಳೋ ಹಾಗಿಲ್ಲ. ಅದೊಂದು ದೊಡ್ಡ ಸುಖ.

ಬೆಳಕನ್ನು ಹೀಗೆ ಎಲ್ಲಿಂದಲೋ ತಿರುಗಿಸಿ ತರೋದರಲ್ಲಿ ನಮ್ಮೋರು ಯಾರಿಗೂ ಕಮ್ಮಿಯಿಲ್ಲ. ಮೈಸೂರಿನ ವಿ. ಕೆ. ಮೂರ್ತಿ 1950ರ ದಶಕದಲ್ಲಿ ಮುಂಬೈ ಸ್ಟುಡಿಯೋ ಒಳಗೆ ಕನ್ನಡಿ ಹಿಡಿಸಿ, ಹೊರಗಿನ ಬಿಸಿಲನ್ನು ಕಂಬದ ಹಾಗೆ ಒಳಗೆ ತಂದು ನಿಲ್ಲಿಸಿದರು. ಸಿನಿಮಾ ಛಾಯಾಗ್ರಾಹಕರಲ್ಲಿ ಫಾಲ್ಕೆ ಪ್ರಶಸ್ತಿ ಮೊದಲು ಬಂದದ್ದೂ ಅವರಿಗೇ.

ಇನ್ನು ದುರ್ಗಕ್ಕೆ ಬಂದರೆ ಕೋಟೆ ಹತ್ತು. ಒನಕೆ ಓಬವ್ವನ ಕಿಂಡಿ ಹತ್ತಿರ ಬಂಡೆಗಳ ಸಂದಿಯಲ್ಲಿ ಬೆಳಕು ಒಂದೇ ಕಡೆಯಿಂದ ಬರುತ್ತೆ, ಇನ್ನೊಂದು ಕಡೆ ಕಲ್ಲು ಕುಡಿದುಬಿಡುತ್ತೆ. ಅರ್ಧ ಮುಖ ಬೆಳಕು, ಅರ್ಧ ಕತ್ತಲೆ, ಪುಕ್ಕಟೆ. ನಮ್ಮ ಕಲ್ಲಿನ ಬಣ್ಣ ನಡುಬೂದಿಗೆ ಹತ್ತಿರವೇ ಇರೋದರಿಂದ ಮುಖ ಇರೋ ಬೆಳಕಲ್ಲೇ ಇರೋ ಬಂಡೆಗೆ ಮೀಟರ್ ಹಿಡಿದರೂ ನಡೆಯುತ್ತೆ. ಟ್ರೈಪಾಡ್ ಇಡಬೇಕು ಅಂದರೆ ಮಾತ್ರ ಪುರಾತತ್ವ ಇಲಾಖೆಯ ಅನುಮತಿ ಕೇಳಿಕೊ. ಅಜ್ಜನ್ನ ಕೋಟೆ ಹತ್ತಿಸಬೇಡ ಮತ್ತೆ!

ಎಲ್‌ಇಡಿಗಿರಾಕಿ

ನನ್ನದೂ ಒಂದು ಪ್ರಶ್ನೆ. ಮನೇಲಿ ಎಲ್‌ಇಡಿ ಬಲ್ಬಲ್ಲಿ ತೆಗೆದರೆ ಫೋಟೋದಲ್ಲಿ ಅಡ್ಡಡ್ಡ ಪಟ್ಟಿ ಬರುತ್ತೆ, ಮುಖನೂ ಯಾಕೋ ಸತ್ತಂಗೆ ಕಾಣುತ್ತೆ.

ಕಲ್ಲಿನಕೋಟೆ

ಪಟ್ಟಿ ಬರೋದು ಬಲ್ಬ್ ಮಿಟುಕೋದಕ್ಕೆ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತೆ. ಶಟರ್ 1/50 ಅಥವಾ 1/100 ಇಡಿ, ಬಹುಪಾಲು ಹೋಗುತ್ತೆ. ಮುಖ ಸತ್ತಂಗೆ ಕಾಣೋದು ಆ ಬೆಳಕಲ್ಲಿ ಗಾಢ ಕೆಂಪಿನ ಪಾಲು ಕಮ್ಮಿ ಇರೋದಕ್ಕೆ. ನಮ್ಮ ಚರ್ಮ ಹೆಚ್ಚು ವಾಪಸ್ ಕೊಡೋದೇ ಕೆಂಪನ್ನು. ಸಿಆರ್‌ಐ (ಬಲ್ಬು ಬಣ್ಣವನ್ನ ಎಷ್ಟು ಸರಿಯಾಗಿ ತೋರಿಸುತ್ತೆ ಅನ್ನೋ ಅಂಕಿ) 95ರ ಮೇಲಿರೋದು ತಗೊಳ್ಳಿ, ಅಥವಾ ಬಾಗಿಲು ತೆಗೀರಿ.

ಮಂಡಕ್ಕಿಭಟ್ಟಿ

ಮೂರೂವರೆಗೆ ತೆಗೆದೆ. ಬಾಗಿಲಿಂದ ಒಂದು ಮಾರು ಒಳಗೆ, ಎಡಕ್ಕೆ ಥರ್ಮಾಕೋಲು. ಅಂಗೈ ಮೀಟರ್, ಎಫ್/4, 1/125, ಐಎಸ್‌ಒ 400. ರುಮಾಲಿನ ಮಡಿಕೆ ಒಂದೊಂದೂ ಬಂದೈತಿ! ಅಜ್ಜನ ಬಲಗೆನ್ನೆ ಮೇಲೆ ಹಳೇ ಗಾಯದ ಗುರುತು ಐತಿ, ನಾನು ಇಷ್ಟು ವರ್ಷ ಸರಿಯಾಗಿ ನೋಡೇ ಇರಲಿಲ್ಲ, ಅದೂ ಕಂಡೈತಿ. ಅಜ್ಜಿದೂ ಒಂದು ತೆಗೆದೆ. ಆದ್ರೆ ಅಜ್ಜಿ ಫೋಟೋ ಕಪ್ಪು ಬಿಳುಪು ಮಾಡಿದ ಕೂಡ್ಲೆ ಹಣೆ ಮೇಲಿನ ಕುಂಕುಮನೇ ಮಾಯ. ಕಾಸಗಲ ಕುಂಕುಮ! ಅಜ್ಜಿ ನೋಡಿದ್ರೆ ಮನೆ ಬಿಟ್ಟು ಓಡಿಸ್ತಾಳೆ.

ನೆರಳುಗನ್ನಡಿ

ಅಯ್ಯೋ, ಅದನ್ನ ಹಾಗೇ ಪ್ರಿಂಟ್ ಹಾಕಿಸಬೇಡಿ ಮಾರಾಯರೆ!

ಯಾವ ಪ್ರಿಸೆಟ್ (ರೆಡಿಮೇಡ್ ಎಡಿಟ್) ಹಾಕಿದ್ದೀರಿ? ಹೆಸರಲ್ಲಿ ರೆಡ್ ಫಿಲ್ಟರ್, ಪೋರ್ಟ್ರೇಟ್ ಅಂತೆಲ್ಲ ಇರೋ ಬಹಳಷ್ಟು ಪ್ರಿಸೆಟ್‌ಗಳು ಕೆಂಪನ್ನು ಏರಿಸಿಬಿಡುತ್ತವೆ. ಅವರಿಗೆ ಬೇಕಾದ್ದು ಚರ್ಮ ನಯ ಆಗೋದು, ಮೊಡವೆ ಕಾಣದೇ ಇರೋದು. ಕೆಂಪು ಏರಿದರೆ ತುಟಿ, ಮೊಡವೆ, ಕುಂಕುಮ ಮೂರೂ ಚರ್ಮದ ಬಣ್ಣಕ್ಕೇ ಕರಗುತ್ತವೆ.

ಪ್ರಿಸೆಟ್ ತೆಗೆದುಹಾಕಿ. ಬ್ಲ್ಯಾಕ್ ಆಂಡ್ ವೈಟ್ ಮಿಕ್ಸ್ ಅಂತ ಎಂಟು ಬಣ್ಣದ ಸ್ಲೈಡರ್ ಇರೋ ಕಡೆ ಹೋಗಿ. ನಮ್ಮ ಚರ್ಮ, ಕಪ್ಪಿರಲಿ ಗೋಧಿ ಬಣ್ಣ ಇರಲಿ, ಮುಖ್ಯವಾಗಿ ಆರೆಂಜ್ ಸ್ಲೈಡರಿನಲ್ಲಿರುತ್ತೆ. ಕುಂಕುಮ, ತುಟಿ ರೆಡ್‌ನಲ್ಲಿ. ಅರಿಶಿನ ಹಚ್ಚಿದ ಕೆನ್ನೆ ಆಗಿದ್ದರೆ ಯೆಲ್ಲೋನಲ್ಲೂ ಸ್ವಲ್ಪ. ರೆಡ್ ಇಳಿಸಿ, ಆರೆಂಜ್ ಒಂಚೂರು ಏರಿಸಿ. ಕುಂಕುಮ ಗಟ್ಟಿ ಕಪ್ಪಾಗಿ ಬಂದು ಕೂರುತ್ತೆ. ರೆಡ್ ತೀರಾ ಇಳಿಸಿದರೆ ಕಣ್ಣಂಚಿನ ಕೆಂಪು, ಮೂಗಿನ ಪಕ್ಕದ ಕೆಂಪು ಎಲ್ಲ ಕೊಳೆ ಹತ್ತಿದ ಹಾಗೆ ಕಾಣುತ್ತೆ, ಕಣ್ಣಿಟ್ಟಿರಿ. ಅಕ್ಕಪಕ್ಕದ ಎರಡು ಸ್ಲೈಡರನ್ನು ಒಂದಕ್ಕೊಂದು ವಿರುದ್ಧ ದೂರ ಎಳೆದರೆ ಚರ್ಮದಲ್ಲಿ ತೇಪೆ ತೇಪೆ, ಕಾಳು ಕಾಳು ಏಳುತ್ತೆ. ನೂರಕ್ಕೆ ನೂರು ಜೂಮ್ ಮಾಡಿ ನೋಡಿಕೊಂಡೇ ಎಳೆಯಿರಿ.

ಸೀರೆ ಯಾವ ಬಣ್ಣ?

ಮಂಡಕ್ಕಿಭಟ್ಟಿ

ಹಸಿರು ಇಳಕಲ್ಲು, ಕೆಂಪು ಸೆರಗು.

ನೆರಳುಗನ್ನಡಿ

ಚಿನ್ನದಂಥಾ ಜೋಡಿ. ಕಣ್ಣಿಗೆ ಬೆಂಕಿ ಹೊತ್ತಿದ ಹಾಗಿರೋ ಕೆಂಪು ಹಸಿರು, ಸುಮ್ಮನೆ ಬಣ್ಣ ತೆಗೆದರೆ ಎರಡೂ ಒಂದೇ ಬೂದಿ ಆಗಬಹುದು. ಗ್ರೀನ್ ಏರಿಸಿ, ರೆಡ್ ಹೇಗೂ ಕುಂಕುಮಕ್ಕೆ ಇಳಿಸಿದ್ದೀರಿ. ಒಡಲು ತೆಳು, ಸೆರಗು ಗಾಢ, ಬೇರೆ ಬೇರೆ ಆಗಿ ನಿಲ್ಲುತ್ತೆ.

ಹಳೇಸ್ಟುಡಿಯೋ

ಈ ಕುಂಕುಮದ ಕಾಟ ನಮಗೂ ಇತ್ತು ಮೇಡಂ. ಬಲ್ಬಿನ ಬೆಳಕಿನಾಗೆ ಕೆಂಪು ಜಾಸ್ತಿ, ಫಿಲ್ಮಿಗೂ ಕೆಂಪು ಕಾಣ್ತೈತಿ, ಹಂಗಾಗಿ ತುಟಿ, ಕುಂಕುಮ ಎರಡೂ ಬಿಳಿಚಿಕೊಳ್ತಿದ್ವು. ಮದುವಣಗಿತ್ತಿ ಬಂದ್ರೆ ಕುಂಕುಮದ ಮೇಲೆ ಕಾಡಿಗೆ ಇಡ್ಸಿ ಕೂರಿಸ್ತಿದ್ವಿ. ಅದಕ್ಕೂ ಹಿಂದೆ, ನಮ್ಮ ಗುರುಗಳ ಕಾಲಕ್ಕೆ, ಆರ್ಥೋ ಫಿಲ್ಮು. ಅದಕ್ಕೆ ಕೆಂಪೇ ಕಾಣ್ತಿರಲಿಲ್ಲ. ಕುಂಕುಮ ಕಪ್ಪೋ ಕಪ್ಪು, ಆದ್ರೆ ಮುಖನೂ ಇರೋದಕ್ಕಿಂತ ಕಪ್ಪು. ಪೆನ್ಸಿಲ್ ಟಚಿಂಗ್ ಅಷ್ಟು ಬೇಕಾಗಿದ್ದು ಅದಕ್ಕೂ ಹೌದು. ಬರೇ ಗಿರಾಕಿ ಆಸೆಗಲ್ಲ.

ನೆರಳುಗನ್ನಡಿ

ಇದು ನನಗೆ ಹೊಳೆದಿರಲಿಲ್ಲ ಸರ್. ಫಿಲ್ಮೇ ಕಪ್ಪು ಮಾಡ್ತಿತ್ತು, ಪೆನ್ಸಿಲ್ ವಾಪಸ್ ತರ್ತಿತ್ತು. ಹಾಗಾದರೆ ಅರ್ಧ ತಕರಾರು ವಾಪಸ್ ತಗೊಂಡೆ. ಇನ್ನರ್ಧ ಹಾಗೇ ಇದೆ.

ಫಿಲ್ಮ್‌ಹುಚ್ಚ (ಹರಿಹರ)

ತಡವಾಗಿ ಬಂದೆ. ಇದೆಲ್ಲ ಡಿಜಿಟಲ್ ಮಾತಾಯ್ತು. ಅಜ್ಜನ್ನ ಫಿಲ್ಮಲ್ಲೂ ಒಂದು ರೋಲ್ ತೆಗೀರಿ ಅಂತ ನನ್ನ ಹಟ. ಅಲ್ಲಿ ಮೀಟರ್ ಹಿಡಿಯೋ ರೀತಿ ತಿರುವುಮುರುವು. ಡಿಜಿಟಲ್‌ನಲ್ಲಿ ಬಿಳಿ ಸುಟ್ಟರೆ ಹೋಯ್ತು, ಫಿಲ್ಮಲ್ಲಿ ನೆರಳು ಹೋದರೆ ಹೋಯ್ತು. ನೆಗೆಟಿವ್ ಫಿಲ್ಮಿಗೆ ಬಿಳಿ ಕಡೆ ಬೇಕಾದಷ್ಟು ಜಾಗ ಇದೆ, ರುಮಾಲಿಗೆ ಹೆದರಬೇಕಾಗಿಲ್ಲ. ಮುಖದ ನೆರಳಿನ ಕಡೆಗೆ ಸಾಕಷ್ಟು ಬೆಳಕು ಕೊಟ್ಟು, ಬಿಳಿಯನ್ನು ಡೆವಲಪ್ ಮಾಡೋವಾಗ ಹಿಡಿತಕ್ಕೆ ತಗೋಬೇಕು. ಅಮೆರಿಕದ ಛಾಯಾಗ್ರಾಹಕರು ಆನ್ಸೆಲ್ ಆಡಮ್ಸ್, ಫ್ರೆಡ್ ಆರ್ಚರ್ 1940ರ ಸುಮಾರಿಗೆ ಕಟ್ಟಿದ ಜೋನ್ ಸಿಸ್ಟಂನ ತಿರುಳು ಇಷ್ಟೇ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಐಎಸ್‌ಒ 400ರ ಫಿಲ್ಮು. ನಾನು ರುಮಾಲಿನವರಿಗೆ ಅದನ್ನ 200 ಅಂತ ಎಣಿಸಿ, ಅಂದರೆ ಬೆಳಕು ಎರಡು ಪಟ್ಟು ಕೊಟ್ಟು ತೆಗೀತೀನಿ, ಡೆವಲಪ್ ಸಮಯ ಶೇ 15 ರಿಂದ 20 ಇಳಿಸ್ತೀನಿ. ರುಮಾಲೂ ಬರುತ್ತೆ, ಕಿವಿ ಹಿಂದಿನ ನೆರಳೂ ಬರುತ್ತೆ.

ನಮ್ಮ ಕಡೆ ದೊಡ್ಡ ತಲೆನೋವು ನೀರು. ಡಬ್ಬದ ಮೇಲಿನ ಸಮಯ ಎಲ್ಲ 20 ಡಿಗ್ರಿಗೆ. ಎಚ್‌ಪಿ5 ಐಡಿ-11 ಡೆವಲಪರ್‌ನಲ್ಲಿ ನೀರು ಬೆರೆಸದೆ ಏಳೂವರೆ ನಿಮಿಷ, ಒಂದಕ್ಕೊಂದು ನೀರು ಬೆರೆಸಿದರೆ 13 ನಿಮಿಷ. ಏಪ್ರಿಲ್‌ನಲ್ಲಿ ಟ್ಯಾಂಕಿ ನೀರು 30 ದಾಟಿರುತ್ತೆ. ಬೆರೆಸದ ಡೆವಲಪರ್‌ಗೆ ಆ ಬಿಸೀಲಿ ಸಮಯ ಐದು ನಿಮಿಷಕ್ಕಿಂತ ಕೆಳಗೆ ಹೋಗಿ ಡೆವಲಪ್ ಒಂದೇ ಸಮ ಆಗಲ್ಲ, ಆಕಾಶ ಗೋಡೆ ಎಲ್ಲ ಪಟ್ಟೆ ಪಟ್ಟೆ. ಅದಕ್ಕೆ ನೀರು ಬೆರೆಸಿ ಬಳಸಿ, ಬಕೆಟ್ಟಿಗೆ ಐಸ್ ಹಾಕಿ ಅದರೊಳಗೆ ಬಾಟಲಿ ನಿಲ್ಲಿಸಿ 24ಕ್ಕಾದರೂ ತನ್ನಿ. ಡೆವಲಪರ್ ಒಂದು ಬಿಸಿ, ತೊಳೆಯೋ ನೀರು ಇನ್ನೊಂದು ಬಿಸಿ ಆಗಬಾರದು.

ಬೋರ್‌ವೆಲ್ ನೀರಲ್ಲಿ ಕೊನೇ ತೊಳೆತ ಮಾಡಿದರೆ ಒಣಗಿದ ಮೇಲೆ ನೆಗೆಟಿವ್ ಮೇಲೆ ಸುಣ್ಣದ ಕಲೆ, ಸರಿಯಾಗಿ ಅಜ್ಜನ ಮೂಗಿನ ಮೇಲೇ ಬಂದು ಕೂರುತ್ತೆ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ತಂದು ಅದರಲ್ಲಿ ಕೊನೇ ಮುಳುಗು ಹಾಕಿಸಿ.

ಡೆವಲಪರ್ ಸಿಗಲ್ಲ ಅನ್ನೋರಿಗೆ: ಡಿ-76 ಮನೆಯಲ್ಲೇ ಬೆರೆಸಬಹುದು. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ (ನೀರಿಲ್ಲದ್ದು) 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಇದೇ ಕ್ರಮದಲ್ಲಿ, 50 ಡಿಗ್ರಿ ಬಿಸಿಯ 750 ಎಂಎಲ್ ನೀರಲ್ಲಿ ಒಂದು ಕರಗಿದ ಮೇಲೆ ಇನ್ನೊಂದು ಹಾಕಿ, ಆಮೇಲೆ ತಣ್ಣೀರು ಸೇರಿಸಿ ಲೀಟರ್ ಮಾಡಿ. ಕೈಗೆ ಗ್ಲೌಸ್ ಇರಲಿ, ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರಲ್ಲ. ಅಡಿಗೆಮನೆ ಪಾತ್ರೆ ಮುಟ್ಟಬೇಡಿ.

ಮೊಬೈಲ್‌ಸಾಕು

ಒಂದು ಫೋಟೋಗೆ ಐಸು, ಬೋರಾಕ್ಸು, ಬ್ಯಾಟರಿ ನೀರು. ನೀವು ಗಾರೇಜ್ ಇಟ್ಟಿದ್ದೀರಾ ಫೋಟೋ ತೆಗೀತೀರಾ?

ಫಿಲ್ಮ್‌ಹುಚ್ಚ

ಹೆಸರಲ್ಲೇ ಹೇಳಿದೀನಲ್ಲಪ್ಪ.

ಮಂಡಕ್ಕಿಭಟ್ಟಿ

ಫಿಲ್ಮು ಸದ್ಯಕ್ಕೆ ಬ್ಯಾಡಣ್ಣ, ಜೇಬು ಒಪ್ಪಲ್ಲ. ಕುಂಕುಮ ಬಂತು ಅಕ್ಕ, ಸೆರಗೂ ಬೇರೆ ಆತು. ಅಜ್ಜನ ಫೋಟೋಗೆ ಕ್ಲಾರಿಟಿ ಸ್ಲೈಡರ್ ಎಷ್ಟಿಡ್ಲಿ? 40 ಇಟ್ರೆ ಸುಕ್ಕು ಭರ್ಜರಿ ಕಾಣ್ತಾವೆ.

ನೆರಳುಗನ್ನಡಿ

ಸೊನ್ನೆ. 40 ಇಟ್ಟರೆ ಸುಕ್ಕಿನ ಫೋಟೋ ಆಗುತ್ತೆ, ಅಜ್ಜಂದಲ್ಲ. ಬಾಗಿಲ ಬೆಳಕು ಪಕ್ಕದಿಂದ ಬಂದಿದೆ, ಸುಕ್ಕನ್ನು ಅದೇ ಎತ್ತಿ ತೋರಿಸಿದೆ. ಜಾಲತಾಣಗಳಲ್ಲಿ ಹಳ್ಳಿ ಮುದುಕರ ಫೋಟೋ ಅಂದರೆ ಒಣಗಿದ ಕೆರೆ ಅಂಗಳದ ಹಾಗೆ ಬಿರುಕು ಬಿಟ್ಟ ಮುಖಗಳೇ. ನನಗಂತೂ ನೋಡಿ ನೋಡಿ ಸಾಕಾಗಿದೆ. ಮೈಸೂರಿನ ಟಿ. ಎಸ್. ಸತ್ಯನ್ ಅವರ ಕಪ್ಪು ಬಿಳುಪು ಫೋಟೋ ಹುಡುಕಿ ನೋಡಿ, ಬಡವರು, ಮಕ್ಕಳು, ಮುದುಕರು ಎಲ್ಲರೂ ಇದ್ದಾರೆ. ಒಬ್ಬರ ಮುಖವನ್ನೂ ಗೀರಿ ತೋರಿಸಿಲ್ಲ.

ಕೈಯಿಂದ ಮಾಡೋದಾದರೆ ಎರಡೇ ಕೆಲಸ. ವಿಭೂತಿ ಪಟ್ಟಿ ಮೂರೂ ಹಣೆಯ ಬೆಳಕಿನ ಕಡೆ ಬೆಳ್ಳಗೆ ಹೊಡೀತಿದ್ದರೆ ಬ್ರಷ್ ಹಿಡಿದು ಅಷ್ಟು ಜಾಗ ಅರ್ಧ ಸ್ಟಾಪ್ ಇಳಿಸಿ. ವಿಭೂತಿಗೆ ಹೊಳಪಿಲ್ಲ, ಪುಡಿ ಪುಡಿಯಾಗಿ ಕಾಣಬೇಕು, ಬೆರಳೆಳೆದ ಗೆರೆ ಅದರೊಳಗೆ ಉಳೀಬೇಕು. ಆಮೇಲೆ ಅಂಗಿ, ಪಂಚೆ. ಮುಖಕ್ಕಿಂತ ಕೆಳಗಿರೋ ಬಿಳಿಯನ್ನೆಲ್ಲ ಒಂದು ಸ್ಟಾಪಿನ ತನಕ ಇಳಿಸಿ. ನೋಡೋರ ಕಣ್ಣು ಮೊದಲು ಬಿಳಿಗೆ ಓಡುತ್ತೆ. ರುಮಾಲಿನಿಂದ ಶುರುವಾಗಿ ಮುಖಕ್ಕೆ ಇಳಿಯಲಿ, ಪಂಚೆಗೆ ಜಾರಬಾರದು. ಕಣ್ಣು ಬೆಳ್ಳಗೆ ಮಾಡೋಕೆ ಹೋಗಬೇಡಿ, ದೆವ್ವ ಆಗ್ತಾರೆ.

ಲ್ಯಾಬ್‌ಹುಡುಗ (ದಾವಣಗೆರೆ)

ಪ್ರಿಂಟಿಗೆ ಬಂದ್ರಾ? ಈಗ ನನ್ನ ಪಾಳಿ.

ನಮ್ಮಂಥ ಲ್ಯಾಬ್‌ಗಳಾಗೆ ಕಪ್ಪು ಬಿಳುಪು ಫೈಲೂ ಕಲರ್ ಪೇಪರ್ ಮೇಲೇ ಬರೋದು. ಮೂರು ಬಣ್ಣ ಸೇರಿ ಬೂದಿ ಆಗಬೇಕು. ಕೆಮಿಕಲ್ ಒಂಚೂರು ಆಚೀಚೆ ಆದ್ರೆ ಬೂದಿಗೆ ಹಸಿರೋ ನೇರಳೆನೋ ಹತ್ತುತ್ತೆ. ಕಲರ್ ಫೋಟೋದಾಗೆ ಯಾರಿಗೂ ಗೊತ್ತಾಗಲ್ಲ, ಕಪ್ಪು ಬಿಳುಪಿನಾಗೆ ತಕ್ಷಣ ಕಣ್ಣಿಗೆ ಹೊಡೆಯುತ್ತೆ. ಎರಡು ದಾರಿ ಅದಾವೆ. ಒಂದು, ಫೈಲಿಗೆ ನೀವೇ ಸ್ವಲ್ಪ ಬೆಚ್ಚನೆ ಕಂದು ಟೋನ್ ಕೊಟ್ಟುಬಿಡಿ. ಸಣ್ಣಪುಟ್ಟ ಹಸಿರು ಅದರಾಗೆ ಮುಚ್ಚಿಹೋಗುತ್ತೆ. ಇಲ್ಲಾ, ಬೂದಿ ಶಾಯಿಗಳು ಬೇರೆ ಇರೋ ಪಿಗ್ಮೆಂಟ್ ಇಂಕ್‌ಜೆಟ್‌ನಾಗೆ ಮ್ಯಾಟ್ ಪೇಪರ್ ಮೇಲೆ ಹಾಕ್ಸಿ. ರೇಟು ಜಾಸ್ತಿ, ಆದ್ರೆ ಬೂದಿ ಬೂದಿಯಾಗೇ ಇರುತ್ತೆ.

ಫೈಲು ಎಸ್‌ಆರ್‌ಜಿಬಿ ಅನ್ನೋ ಬಣ್ಣದ ಸೆಟ್ಟಿಂಗಿನಾಗೆ ತನ್ನಿ. ನಿಮ್ಮ ಸ್ಕ್ರೀನ್ ಬ್ರೈಟ್‌ನೆಸ್ ಫುಲ್ ಇಟ್ಕೊಂಡು ಎಡಿಟ್ ಮಾಡಿದ್ರೆ ಪ್ರಿಂಟು ಕಪ್ಪಗೇ ಬರೋದು, ಆಮೇಲೆ ಲ್ಯಾಬ್‌ನೋರು ಕೆಡಿಸಿದ್ರು ಅನ್ನಬೇಡಿ. ಒಂದು ಬಿಳಿ ಹಾಳೆ ಸ್ಕ್ರೀನ್ ಪಕ್ಕ ಹಿಡಿದು, ಹಾಳೆಯಷ್ಟೇ ಬೆಳಕು ಬರೋ ತನಕ ಸ್ಕ್ರೀನ್ ಇಳಿಸಿ. ಕೌಂಟರ್‌ನಾಗೆ ಬಾಯಿಬಿಟ್ಟು ಹೇಳ್ಬೇಕಾದ ಮಾತು ಇನ್ನೊಂದು ಐತಿ: ಕರೆಕ್ಷನ್ ಬ್ಯಾಡ. ಹೇಳದೇ ಇದ್ರೆ ಮಷೀನು ಮುಖ ಕಪ್ಪೈತಿ ಅಂತ ತಾನೇ ಬೆಳ್ಳಗೆ ಮಾಡಿ ಕೊಡ್ತೈತಿ.

ಹಳೇಸ್ಟುಡಿಯೋ

ನೋಡ್ರಿ, ಮಷೀನಿಗೂ ನಮ್ಮ ಬುದ್ಧಿನೇ.

ಮಂಡಕ್ಕಿಭಟ್ಟಿ

ಹಹ್ಹ. ಅಣ್ಣ, ನೇರ 16 ಇಂಟು 20 ಹಾಕಿಸ್ಲಾ, ಇಲ್ಲಾ ಮೊದ್ಲು ಸಣ್ಣದು ನೋಡ್ಲಾ? 24 ಮೆಗಾಪಿಕ್ಸೆಲ್ ಸಾಕಾಗ್ತೈತಾ?

ಲ್ಯಾಬ್‌ಹುಡುಗ

ಸಾಕು. 6000 ಇಂಟು 4000 ಫೈಲು. ಉದ್ದದಾಗೆ ಒಂಚೂರು ಕತ್ತರಿಸಬೇಕಾಗುತ್ತೆ, ಆದ್ರೂ ಇಂಚಿಗೆ 250 ಪಿಕ್ಸೆಲ್ ಸಿಗುತ್ತೆ. ರುಮಾಲಿನ ಮೇಲೆ ಜಾಗ ಬಿಟ್ಟೀರಾ ನೋಡ್ಕೊಳ್ರಿ. ದೊಡ್ಡದು ಹಾಕೋ ಮುಂಚೆ ಮುಖದ ಭಾಗ ಮಾತ್ರ ಅದೇ ಅಳತೆಯಾಗೆ ಕತ್ತರಿಸಿ 8 ಇಂಟು 10ರಲ್ಲಿ ಒಂದು ಟೆಸ್ಟ್ ತೆಗೆಸಿ. ಟ್ಯೂಬ್‌ಲೈಟ್ ಕೆಳಗೆ ನೋಡಿ ತೀರ್ಮಾನ ಮಾಡಬ್ಯಾಡಿ, ಪ್ರಿಂಟ್ ತೂಗುಹಾಕೋ ಗೋಡೆಗೇ ಹಿಡಿದು ನೋಡಿ. ಶನಿವಾರ ಭಾನುವಾರ ಆಲ್ಬಂ ಕೆಲಸ ರಾಶಿ ಇರುತ್ತೆ, ಮಂಗಳವಾರ ಬರ್ರಿ. ಪೆನ್‌ಡ್ರೈವ್‌ನಾಗೆ ತನ್ನಿ, ವಾಟ್ಸ್ಆ್ಯಪ್‌ನಾಗೆ ಕಳಿಸಬ್ಯಾಡಿ, ಅದು ಫೈಲ್ ಹಿಂಡಿಬಿಡ್ತೈತಿ.

ಮಂಡಕ್ಕಿಭಟ್ಟಿ

ಆತಣ್ಣ, ಮಂಗಳವಾರ ಬರ್ತೀನಿ. ಅಜ್ಜಿದೂ ಒಂದು ಟೆಸ್ಟ್ ತೆಗೀಬೇಕು. ಕುಂಕುಮ ಪ್ರಿಂಟ್‌ನಾಗೂ ಐತಾ ಅಂತ ನೋಡಿ ಆಮೇಲೇ ದುಡ್ಡು ಕೊಡ್ತೀನಿ ಅಂದಾಳೆ.